ಜಿಲ್ಲೆಗಿಂತ ಹಳೆಯ ಗಾಡಿ

ಗುಜರಿಯವನು ತಕ್ಕಡಿ ತಂದಿರಲಿಲ್ಲ, ಕಣ್ಣಲ್ಲೇ ತೂಗಿದ. ಬೇವಿನ ಮರದ ಕೆಳಗೆ ಹದಿಮೂರು ವರ್ಷದಿಂದ ನಿಂತಿದ್ದ ಪಿಕಪ್ಪಿಗೆ ಒಂದು ಸುತ್ತು ಹಾಕಿ, ಹಿಂದಿನ ಬಾಡಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, "ತಗಡು ಲೆಕ್ಕಕ್ಕ ಬರೂದಿಲ್ರಿ ಯಜಮಾನ್ರ, ಎಂಜಿನ್ನಿಂದಷ್ಟ ರೊಕ್ಕ" ಎಂದ. ಅಪ್ಪ ಮಾತಾಡಲಿಲ್ಲ. ಅವನು ಮೂವತ್ತೆರಡು ಸಾವಿರ ಎಂದ. ಅಪ್ಪ ಒಳಗೆ ಹೋಗಿ ಚಹಾ ತಂದು ಕೊಟ್ಟ. ಚಹಾ ಮುಗಿಯುವಷ್ಟರಲ್ಲಿ ಮೂವತ್ತೈದಾಯಿತು. ಕಪ್ಪು ವಾಪಸು ಇಸಿದುಕೊಂಡ ಮೇಲೆ ಅಪ್ಪ ಕೇಳಿದ, "ಅಲ್ಲೋ ತಮ್ಮಾ, ಗಾಡಿ ಮಾರತೀನಿ ಅಂತ ನಿನಗ ಹೇಳಿದವ್ರ್ಯಾರು?"

ಹೇಳಿದ್ದು ನಾನು.

ನಾನು ಕುಷ್ಟಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ರಜೆಗೆಂದು ಗಂಗಾವತಿಗೆ ಬಂದಾಗಲೆಲ್ಲ ಅವ್ವನದು ಒಂದೇ ವರಾತ: ಆ ಗಾಡಿ ತೆಗೆಸು, ಅದರಡಿ ಹಾವು ಸೇರಿಕೊಂಡಾವ, ಅಂಗಳ ಕಸಗುಡಿಸೋಕೂ ಆಗೂದಿಲ್ಲ. 2024ರ ಬೇಸಿಗೆ ರಜೆಯಲ್ಲಿ ಅವಳ ಮಾತು ಕೇಳಿ ಫೋನು ಮಾಡಿದ್ದೆ. ಅಪ್ಪನಿಗೆ ಸಿಟ್ಟು ಬಂದರೆ ಬೈಯುವುದಿಲ್ಲ, ಲೆಕ್ಕ ಕೇಳುತ್ತಾನೆ. ಅವತ್ತೂ ಹಾಗೇ ಆಯಿತು. "ನಿನ್ನ ಬಿಎಸ್ಸಿಗೆ ಎಷ್ಟು ಕಟ್ಟಿದ್ವಿ?" ಹೇಳಿದೆ. "ಬಿ.ಎಡ್‌ಗೆ?" ಅದನ್ನೂ ಹೇಳಿದೆ. "ಅಕ್ಕನ ಮದುವಿಗೆ?" ಅದು ನನಗೆ ಗೊತ್ತಿರಲಿಲ್ಲ. "ಅದೂ ಇದರಾಗ ಹುಟ್ಟಿದ್ದ" ಎಂದು ಬಾನೆಟ್ಟಿನ ಮೇಲೆ ಬಿದ್ದ ಬೇವಿನ ಹೂವು ಒರೆಸಿ ಒಳಗೆ ಹೋದ. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ನಾನೇ ಹೋಗಿ ಹೇಳಿದೆ: ಮಾರುವುದು ಬೇಡ, ಇಬ್ಬರೂ ಸೇರಿ ನಡೆಸೋಣ. ಅಪ್ಪ ನನ್ನ ಕೈ ನೋಡಿದ. ಸೀಮೆಸುಣ್ಣ ಹಿಡಿದ ಕೈ. "ನೋಡೂಣು" ಎಂದ. ನಮ್ಮ ಕಡೆ ನೋಡೋಣ ಎಂದರೆ ಬಹಳ ಸಲ ಇಲ್ಲ ಎಂದೇ ಅರ್ಥ. ಈ ಸಲ ಹಾಗಾಗಲಿಲ್ಲ.

ಗಾಡಿ 1994ರ ಟಾಟಾಮೊಬೈಲ್ 206. ಆಗಿನ್ನೂ ಟಾಟಾ ಮೋಟರ್ಸ್ ಎಂಬ ಹೆಸರಿರಲಿಲ್ಲ, ಟೆಲ್ಕೊ. ಹೆಸರು ಬದಲಾದದ್ದು 2003ರಲ್ಲಿ. ಲಾರಿಗಳನ್ನೇ ಮಾಡಿಕೊಂಡು ಬಂದ ಕಂಪನಿ 1988ರಲ್ಲಿ ಈ ಸಣ್ಣ ಪಿಕಪ್ಪನ್ನು ಮಾರುಕಟ್ಟೆಗೆ ಬಿಟ್ಟಿತು. ಇದನ್ನೇ ಬುನಾದಿ ಮಾಡಿಕೊಂಡು ಮುಂದೆ ಸಿಯೆರಾ, ಎಸ್ಟೇಟ್, ಆಮೇಲೆ ಊರೂರಿಗೂ ಗೊತ್ತಾದ ಸುಮೋ ಬಂದವು. ಗಂಗಾವತಿಯ ಗಂಜ್‌ನಲ್ಲಿ ಇದಕ್ಕೆ ಜನ ಇಟ್ಟ ಹೆಸರು 'ಮೊಬೈಲ್'. ದೇಶದಲ್ಲಿ ಮೊದಲ ಮೊಬೈಲ್ ಫೋನಿನ ಮಾತುಕತೆ ನಡೆದದ್ದು 1995ರ ಜುಲೈ 31ಕ್ಕೆ. ಅದಕ್ಕೂ ಒಂದು ವರ್ಷ ಮೊದಲೇ ನಮ್ಮ ಮನೆಯಲ್ಲಿ ಮೊಬೈಲ್ ಇತ್ತು ಎಂದು ಅಪ್ಪ ಇಂದಿಗೂ ಬೀಗರ ಎದುರು ಹೇಳುವುದುಂಟು.

ಅದರ ನಂಬರ್ ಪ್ಲೇಟು ಕೆಎ 36. ಈಗ ಕೊಪ್ಪಳದ ಗಾಡಿಗಳಿಗೆಲ್ಲ ಕೆಎ 37. 1997ರ ಆಗಸ್ಟ್ 24ರಂದು ರಾಯಚೂರಿನಿಂದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕು ಬೇರೆಯಾಗಿ ಹೊಸ ಜಿಲ್ಲೆ ಆಯಿತು. ಅದಕ್ಕೆ ಮುಂಚೆ ನೋಂದಣಿ ಎಂದರೆ ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿಗೇ ಹೋಗಬೇಕು. ಅಪ್ಪ ಹೋಗಿಬಂದದ್ದು ಎರಡು ದಿನದ ಕೆಲಸ, ಒಂದು ರಾತ್ರಿ ಗಾಡಿಯೊಳಗೇ ಮಲಗಿದ್ದನಂತೆ. ಜಿಲ್ಲೆಗೆ ಈಗ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳು ತಾಲ್ಲೂಕು. ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಗಿದೆ. ಪ್ಲೇಟಿನ ಮೇಲಿನ ಅಂಕಿ ಮಾತ್ರ ಹಾಗೇ ಇದೆ.

ಹಳೆಯ ಪಿಕಪ್ಪು, ಅಪ್ಪ, ಮಕ್ಕಳು ಎಂದರೆ ಅಮೆರಿಕದಲ್ಲಿ ಅದೊಂದು ಹವ್ಯಾಸದ ಲೋಕವೇ. ಅಲ್ಲಿ ಫೋರ್ಡ್ ಕಂಪನಿ 1925ರಲ್ಲೇ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಿಂದಲೇ ಪಿಕಪ್ ಬಾಡಿ ಹಾಕಿ 281 ಡಾಲರಿಗೆ ಮಾರಿತ್ತು. ಎಪ್ಪತ್ತು ವರ್ಷ ಹಳೆಯ ಗಾಡಿಗೂ ಹೊಸ ಬಾಗಿಲು, ಹೊಸ ರಬ್ಬರು ಮನೆಗೆ ಪಾರ್ಸೆಲ್ ಬರುತ್ತದೆ. ನನಗೆ ಅದಕ್ಕಿಂತ ಹಿಡಿಸಿದ್ದು ಆಸ್ಟ್ರೇಲಿಯಾದ ಕತೆ. ಭಾನುವಾರ ಚರ್ಚಿಗೆ ಹೋಗಲಿಕ್ಕೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲಿಕ್ಕೂ ಒಂದೇ ಗಾಡಿ ಮಾಡಿಕೊಡಿ ಎಂದು ರೈತನ ಹೆಂಡತಿಯೊಬ್ಬಳು 1930ರ ದಶಕದ ಆರಂಭದಲ್ಲಿ ಅಲ್ಲಿನ ಫೋರ್ಡ್ ಕಂಪನಿಗೆ ಕಾಗದ ಬರೆದಳಂತೆ. ಲೂ ಬ್ಯಾಂಟ್ ಎಂಬ ತರುಣ ವಿನ್ಯಾಸಕಾರ ಅದಕ್ಕೊಂದು ರೂಪ ಕೊಟ್ಟ. 1934ರಲ್ಲಿ ಗಾಡಿ ರಸ್ತೆಗಿಳಿಯಿತು. ಚರ್ಚಿನ ಜಾಗದಲ್ಲಿ ಗವಿಮಠ, ಹಂದಿಯ ಜಾಗದಲ್ಲಿ ಗೊಬ್ಬರದ ಚೀಲ ಇಟ್ಟುಕೊಂಡರೆ ಆ ಕಾಗದವನ್ನು ನಮ್ಮವ್ವನೂ ಬರೆಯಬಹುದಿತ್ತು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ನಮ್ಮ ಓಣಿಯವರು ತಟ್ಟಿದ ರೊಟ್ಟಿ ವರ್ಷ ವರ್ಷ ಹೋಗುತ್ತಿದ್ದದ್ದು ಇದೇ ಗಾಡಿಯಲ್ಲಿ, ಹಿಂದಿನ ವಾರ ಯೂರಿಯಾ ಹೇರಿದ್ದ ಬಾಡಿಯನ್ನು ತಿಕ್ಕಿ ತೊಳೆದು, ಮೇಲೆ ಬಿಳಿ ಪಂಜೆ ಹಾಸಿ.

ಕೆಲಸ ಶುರುವಾದದ್ದು ಎಂಜಿನ್ನಿನಿಂದ. ಅದು ತಿರುಗುತ್ತಿರಲಿಲ್ಲ. ಹದಿಮೂರು ವರ್ಷ ಅಲ್ಲಾಡದೆ ನಿಂತರೆ ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಳ್ಳುತ್ತವೆ. ಅವಸರದಲ್ಲಿ ಜಗ್ಗಿದರೆ ರಿಂಗು ಮುರಿಯುತ್ತದೆ, ಬೋರು ಗೀರುತ್ತದೆ. ಹೀಟರ್ ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಲ್ಲಿ ಡೀಸೆಲ್ಲೂ ಎಂಜಿನ್ ಆಯಿಲ್ಲೂ ಸಮಸಮ ಬೆರೆಸಿ ಸುರಿದೆವು. "ಈಗ ಮರತುಬಿಡು" ಎಂದ ಅಪ್ಪ. ದಿನಾ ಬೆಳಿಗ್ಗೆ ಚಹಾ ಆದ ಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಒಂದು ಸಲ, ಒಂದೇ ಸಲ, ಮೆತ್ತಗೆ ಒತ್ತಿ ನೋಡುವುದು. ಹನ್ನೊಂದನೆಯ ದಿನ ಕೂದಲೆಳೆಯಷ್ಟು ಸರಿಯಿತು. ನಾನು ಕೂಗಿದೆ. ಅಪ್ಪ ಪಾನಾ ತೆಗೆದು ಚೀಲಕ್ಕೆ ಹಾಕಿದ. ನಾಳೆಗೆ ನೋಡೋಣ ಎಂದ. ಮಕ್ಕಳಿಗೆ ಬೀಜಗಣಿತ ಕಲಿಸುವಾಗ ಇಷ್ಟು ತಾಳ್ಮೆ ನನಗಿದ್ದಿದ್ದರೆ ಎಷ್ಟೋ ಮಕ್ಕಳು ಪಾಸಾಗುತ್ತಿದ್ದರು.

ಗಣಿತ ಎಂದೆನಲ್ಲ. ಟೆಲ್ಕೊ ಗಾಡಿಗಳಿಗೆ ಅಂಕಿಗಳೇ ಹೆಸರು. 1210 ಎಂದರೆ ಹನ್ನೆರಡು ಟನ್ನಿನ ಅಂದಾಜು, ನೂರು ಅಶ್ವಶಕ್ತಿ. ಕಂಪನಿ 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡಿದ ಕಾಲದಿಂದ ಬಂದ ಪದ್ಧತಿ ಅದು. ಹಾಗೆ ನೋಡಿದರೆ ನಮ್ಮ 206ಕ್ಕೆ ಎರಡು ಟನ್ನು, ಅರವತ್ತು ಚಿಲ್ಲರೆ ಅಶ್ವಶಕ್ತಿ. ಎಂಜಿನ್ನಿನ ಹೆಸರಿಗೆ ಬೇರೆಯೇ ಲೆಕ್ಕ: 483. ನಾಲ್ಕು ಸಿಲಿಂಡರು, ಒಂದೊಂದರ ಬೋರು 83 ಮಿಲಿಮೀಟರು. "ಸಿಸಿ ಎಷ್ಟು ಹೇಳು" ಎಂದು ಅಪ್ಪ ಕೇಳಿದ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ ಗಣಿತದ ಮೇಡಮ್ಮನಿಗೆ ಕೇಳಿದ ಪ್ರಶ್ನೆ. ಪಿಸ್ಟನ್ನು ಮೇಲೆ ಕೆಳಗೆ ಓಡಾಡುವ ದೂರ 90 ಮಿಲಿಮೀಟರು ಎಂದು ಅವನೇ ಹೇಳಿದ. ವೃತ್ತದ ಕ್ಷೇತ್ರಫಲಕ್ಕೆ ಎತ್ತರ ಗುಣಿಸಿ, ನಾಲ್ಕರಿಂದ ಗುಣಿಸಿದೆ: 1948. ಅಪ್ಪ ಡ್ಯಾಶ್‌ಬೋರ್ಡಿನ ಗೂಡಿನಿಂದ ಆರ್‌ಸಿ ಪುಸ್ತಕ ತೆಗೆದು ತೋರಿಸಿದ. 1948 ಸಿಸಿ ಎಂದೇ ಇತ್ತು. ಹಾಗಾದರೆ 407 ಗಾಡಿಯ 497 ಎಂಜಿನ್ನು? ಬೋರು 97, ಸ್ಟ್ರೋಕು 100, 2956. ಆ ವರ್ಷ ಶಾಲೆ ತೆರೆದ ಮೇಲೆ ಒಂಬತ್ತನೆಯ ತರಗತಿಗೆ ಸಿಲಿಂಡರಿನ ಘನಫಲ ಕಲಿಸಲು ನಾನು ನೀರಿನ ಟ್ಯಾಂಕಿನ ಉದಾಹರಣೆ ಬಿಟ್ಟೆ. ಹಿಂದಿನ ಬೆಂಚಿನ ಹುಡುಗರು ಮೊದಲ ಸಲ ಬಾಯಿಬಿಟ್ಟರು. ಅವರಲ್ಲಿ ಇಬ್ಬರು ರಜೆಯಲ್ಲಿ ಗ್ಯಾರೇಜಿಗೆ ಹೋಗುವವರು.

ಜಗಳ ಬಂದದ್ದು ತಗಡಿನ ಮೇಲೆ. ನನ್ನ ಮನಸ್ಸಿನಲ್ಲಿದ್ದದ್ದು ಫೋನಿನಲ್ಲಿ ನೋಡಿದ ಗಾಡಿಗಳು, ಕನ್ನಡಿಯಂತೆ ಹೊಳೆಯುವವು. ಎಡಬಾಗಿಲಿನ ತಗ್ಗನ್ನು ಎತ್ತಿಸಿ, ಪುಟ್ಟಿ ತುಂಬಿಸಿ, ಸ್ಪ್ರೇ ಹೊಡೆಸಬೇಕು ಎಂದೆ. ಅಪ್ಪ ಒಪ್ಪಲಿಲ್ಲ. "ಹೊಸಾದು ಮಾಡೂದು ಬ್ಯಾರೆ, ನಡಸೂದು ಬ್ಯಾರೆ" ಎಂದ. ನೆಲದ ತಗಡು ತೂತು ಬಿದ್ದಿದೆ, ಅದನ್ನು ಕತ್ತರಿಸಿ ಹೊಸದು ಹಾಕು; ಚಾಸಿಗೆ ರೆಡ್ ಆಕ್ಸೈಡ್ ಬಳಿ; ಬಾಗಿಲಿನ ತಗ್ಗಿನಿಂದ ಗಾಡಿಗೆ ಏನು ತೊಂದರೆ? ಆ ತಗ್ಗು ಬಿದ್ದದ್ದು ಕಾಲುವೆ ದಂಡೆಯ ಮೇಲೆ ಎದುರು ಬಂದ ಎಮ್ಮೆಗೆ ದಾರಿ ಬಿಡಲು ಹೋಗಿ. ಹಿಂದಿನ ಬಾಡಿಯ ಮೂಲೆ ಒಳಗೆ ಹೋದದ್ದು ರೈಸ್‌ಮಿಲ್ಲಿನ ಕಟ್ಟೆಗೆ ಬಡಿದು. ಹೀಗೆ ಅವನು ಒಂದೊಂದಕ್ಕೂ ಊರು, ಸುಗ್ಗಿ, ಎದುರಿಗೆ ಬಂದವರು ಯಾರು ಎಂದು ಹೇಳುತ್ತ ಹೋದ. ನನಗೆ ರೇಗಿತು. ತಗ್ಗುಗಳನ್ನೆಲ್ಲ ಇಟ್ಟುಕೊಂಡರೆ ನಾನೇನು ಮಾಡಿದ ಹಾಗಾಯಿತು? ಎರಡು ದಿನ ಮಾತಿಲ್ಲ. ಮೂರನೆಯ ದಿನ ಟಿಂಕರ್ ಕೆಲಸದ ಉಸ್ತಾದ ಬಂದು, ಬಾಗಿಲು ನೋಡಿ, "ಅಕ್ಕಾರ, ಇದು ಗಟ್ಟಿ ತಗಡೈತ್ರಿ. ನೀವು ಪುಟ್ಟಿ ತುಂಬಿದ್ರ ಎರಡು ಮಳಿಗೆ ಉದುರತೈತಿ. ಇರಲಿ ಬಿಡ್ರಿ" ಎಂದ. ಅಪ್ಪ ಗೆದ್ದ ಎಂದುಕೊಂಡೆ. ಬಣ್ಣದ ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ, ಮೊದಲಿನ ಬಿಳಿಯೇ ಆಗಬೇಕೆಂದೆ; ಅಪ್ಪನಿಗೆ ನಡುವೆ ಹೊಡೆಸಿದ ನೀಲಿಯ ಮೇಲೆ ಮನಸ್ಸಿತ್ತು. ಹೀಗಾಗಿ ಗಾಡಿ ಬಿಳಿ, ತಗ್ಗಿನ ಬಾಗಿಲು ನೀಲಿ. ನೋಡಲು ಚೆಂದವಿಲ್ಲ. ನನಗೀಗ ರೂಢಿಯಾಗಿದೆ.

ಹಿಂದಿನ ಬಾಡಿ ತಿಂದದ್ದು ಮಳೆಯಲ್ಲ, ಗೊಬ್ಬರ. ಯೂರಿಯಾ, ಪೊಟ್ಯಾಷ್ ಚೀಲಗಳಿಂದ ಉದುರಿದ ಕಾಳು ತಗಡಿನ ಸಂದಿಯಲ್ಲಿ ಕೂತು, ಗಾಳಿಯ ತೇವ ಹೀರಿ, ಉಪ್ಪಿನ ನೀರಾಗಿ ಕಬ್ಬಿಣವನ್ನು ಒಳಗಿಂದೊಳಗೇ ಕರಗಿಸುತ್ತದೆ. ಗಂಗಾವತಿ ಸೀಮೆಯಲ್ಲಿ ಭತ್ತ ಬೆಳೆದದ್ದೆಷ್ಟೋ, ಗೊಬ್ಬರ ಸುರಿದದ್ದೂ ಅಷ್ಟೇ. ಅದರ ಪಾಲು ನಮ್ಮ ಗಾಡಿಗೂ ಬಂದಿತ್ತು. ಬಿಚ್ಚಿದ ನಟ್ಟು ಬೋಲ್ಟುಗಳದೂ ಅದೇ ಅವಸ್ಥೆ. ಅವುಗಳಿಗೆ ಅಪ್ಪನ ಔಷಧಿ ಹುಣಸೆಹಣ್ಣು. ಹಳೆಯ ಹುಣಸೆಹಣ್ಣನ್ನು ಬಕೆಟ್ಟಿನಲ್ಲಿ ಕಿವುಚಿ, ಅದರಲ್ಲಿ ಬೋಲ್ಟುಗಳನ್ನು ಎರಡು ದಿನ ನೆನೆಹಾಕಿದರೆ ಅದರ ಹುಳಿ ತುಕ್ಕನ್ನು ಬಿಡಿಸುತ್ತದೆ. ತಾಮ್ರದ ಕೊಡ ತಿಕ್ಕುವವರಿಗೆಲ್ಲ ಗೊತ್ತಿರುವ ಗುಟ್ಟೇ. ತೆಗೆದ ತಕ್ಷಣ ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ಒರೆಸಿ, ಎಣ್ಣೆ ಸವರಬೇಕು. ಬಿಟ್ಟರೆ ಒಂದು ತಾಸಿನಲ್ಲಿ ಮತ್ತೆ ಕೆಂಪು ಏರುತ್ತದೆ. ಇದನ್ನು ನಾನು ಮರೆತು ಒಂದು ಬೋಗುಣಿ ಬೋಲ್ಟು ಹಾಳುಮಾಡಿದೆ. ಉಪ್ಪಿನಕಾಯಿಗೆಂದು ಇಟ್ಟ ಹುಣಸೆ ಎಲ್ಲಿ ಹೋಯಿತು ಎಂದು ಅವ್ವ ಕೇಳಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಹುಣಸೆ ಬೀಜದ ಅಂಟಿನಿಂದ ಹಗುರ ಪೊಳಕಿ ಮರದ ತುಂಡುಗಳನ್ನು ಜೋಡಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ಹುಣಸೆಯ ಬೀಜ ಕೂಡಿಸುತ್ತದೆ, ಹಣ್ಣು ಬಿಡಿಸುತ್ತದೆ ಎಂದೆ. ಅಪ್ಪ ನಗಲಿಲ್ಲ. ಅವನ ಗಮನ ಬೋಲ್ಟಿನ ಹಲ್ಲಿನ ಮೇಲಿತ್ತು.

ಸೀಟು ತೆಗೆದ ದಿನ ಅದರಡಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಉದ್ದನೆಯ ನೋಟ್‌ಬುಕ್ಕು ಸಿಕ್ಕಿತು. ಇಲಿ ಒಂದು ಮೂಲೆ ಕಡಿದಿತ್ತು. ಅಪ್ಪನ ಅಕ್ಷರ. ಎಡಕ್ಕೆ ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳ ಹೆಸರು, ಅದರ ಮುಂದೆ ಹೆಣ್ಣುಮಕ್ಕಳ ಹೆಸರು, ಎಷ್ಟು ಎಕರೆ ನಾಟಿ, ಎಷ್ಟು ಕೊಟ್ಟದ್ದು, ಎಷ್ಟು ಬಾಕಿ. ಜುಲೈ, ಆಗಸ್ಟಿನಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿಗೆ ಕೈಗಳು ಸಾಲುತ್ತಿರಲಿಲ್ಲ. ಒಣಭೂಮಿಯ ಹಳ್ಳಿಗಳಲ್ಲಿ ಮಳೆ ಹಿಂದೆ ಮುಂದೆ ಆದರೆ ಸಜ್ಜೆ, ಶೇಂಗಾ ಬಿತ್ತಿದವರ ಕೈ ಖಾಲಿ. ಆ ಕೈಗಳನ್ನು ಈ ಗದ್ದೆಗಳಿಗೆ ತಂದು ಮುಟ್ಟಿಸುತ್ತಿದ್ದದ್ದು ಇಂಥ ಪಿಕಪ್ಪುಗಳು, ಟ್ರ್ಯಾಕ್ಟರುಗಳು. ಮರಳಿ ಹೋಗುವಾಗ ಮೇಲೆ ಭತ್ತದ ಹುಲ್ಲು. ಜೋಳದ ಕಣಿಕೆ ತಿಂದು ಬೆಳೆದ ಎತ್ತು ಭತ್ತದ ಹುಲ್ಲನ್ನು ಮೂಸಿ ಮುಖ ತಿರುಗಿಸುತ್ತದೆ. ಆದರೆ ಬರಗಾಲದ ಎತ್ತಿಗೆ ಆ ಸೊಕ್ಕು ಇರುವುದಿಲ್ಲ.

ಅಪ್ಪನೂ ಹಾಗೇ ಬಂದವನು. 1972ರ ಬರಕ್ಕೆ ಯಲಬುರ್ಗಾ ತಾಲ್ಲೂಕಿನ ಊರಿನಿಂದ ತನ್ನವ್ವನ ಜೊತೆ ನಾಟಿಗೆ ಬಂದು, ಗಂಜ್‌ನಲ್ಲಿ ಹಮಾಲಿ ಮಾಡಿ, ಲಾರಿಯಲ್ಲಿ ಕ್ಲೀನರ್ ಆಗಿ, ಸ್ಟೇರಿಂಗು ಹಿಡಿದವನು. ಆಮೇಲೆ ತನ್ನ ಗಾಡಿಯಲ್ಲೇ ತನ್ನ ಕಡೆಯವರನ್ನು ಕರೆತಂದ. ಸರಕು ಹೇರುವ ಗಾಡಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. "ಗೊತ್ತಿತ್ತೇನು?" ಎಂದು ಕೇಳಿದೆ. "ಗೊತ್ತಿತ್ತು" ಎಂದ. ಎಷ್ಟು ಜನ ಕೂರಿಸುತ್ತಿದ್ದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಇಂದಿಗೂ ಕೂಲಿಯವರನ್ನು ತುಂಬಿದ ಗಾಡಿ ಉರುಳಿದ ಸುದ್ದಿ ಓದಿದಾಗ ಅಪ್ಪ ಪೇಪರು ಮಡಿಸಿಡುತ್ತಾನೆ. ಹಳೆಯ ಗಾಡಿಯ ನೆನಪು ಎಂದರೆ ಎಲ್ಲವೂ ಸೊಗಸಾಗಿತ್ತು ಎಂದು ಬರೆಯುವುದು ನನ್ನಿಂದಾಗದು. ನೋಟ್‌ಬುಕ್ಕಿನಲ್ಲಿ ನಾಲ್ಕು ಹೆಸರುಗಳ ಮುಂದೆ ಬಾಕಿ ಇತ್ತು. ಒಂದು ನಲವತ್ತು ರೂಪಾಯಿ. ಅಪ್ಪ ಅದನ್ನು ಬಹಳ ಹೊತ್ತು ನೋಡಿ, ಕವರಿನಲ್ಲಿ ಸುತ್ತಿ, ಮತ್ತೆ ಸೀಟಿನಡಿ ಇದ್ದ ಜಾಗದಲ್ಲೇ ಇಟ್ಟ.

ಆ ಮಳೆಗಾಲದಲ್ಲಿ ಇಡೀ ಸೀಮೆ ಹಳೆಯ ಕಬ್ಬಿಣದ ಬಗ್ಗೆ ಮಾತಾಡಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಗಂಗಾವತಿಯಲ್ಲಿ ಅವತ್ತು ನಿದ್ದೆ ಮಾಡಿದವರು ಕಡಿಮೆ. ಎಡದಂಡೆ ಕಾಲುವೆ ಇಲ್ಲದಿದ್ದರೆ ಈ ಊರಿನ ರೈಸ್‌ಮಿಲ್ಲುಗಳೂ ಇಲ್ಲ, ಸೋನಾ ಮಸೂರಿಯೂ ಇಲ್ಲ, ಅಪ್ಪನ ಗಾಡಿಯೂ ಇಲ್ಲ. ಗೇಟು ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ನೀರು ಭೋರ್ಗರೆಯುತ್ತಿರುವಾಗಲೇ ಸ್ಟಾಪ್‌ಲಾಗ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಹರಿವು ನಿಲ್ಲಿಸಿದರು. ಅಣೆಕಟ್ಟೆ ಪೂರ್ತಿಯಾದದ್ದು 1953ರಲ್ಲಿ; ಅಪ್ಪ ಹುಟ್ಟಿದ್ದೂ ಅದೇ ವರ್ಷ. ಟಿವಿಯ ಮುಂದೆ ಕೂತಿದ್ದವನು ಆ ಉಕ್ಕಿನ ಹಲಗೆ ಕೂತುಕೊಂಡ ಗಳಿಗೆಯಲ್ಲಿ ಎದ್ದು, "ಸರಪಳಿ ಎಪ್ಪತ್ತು ವರ್ಷ ಹಿಡಕೊಂಡಿತ್ತಲ್ಲ, ಅದಕ್ಕ ಯಾರೂ ಹಾರ ಹಾಕಲಿಲ್ಲ" ಎಂದ. ನಂತರ ಹೊರಗೆ ಹೋಗಿ ನಮ್ಮ ಗಾಡಿಯ ಹಿಂದಿನ ಸ್ಪ್ರಿಂಗ್ ಪಾಟಾಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು ಸದ್ದು ಕೇಳಿದ. ಗಟ್ಟಿ ಪಾಟಾ ಗಂಟೆಯಂತೆ ದನಿ ಕೊಡುತ್ತದೆ. ಬಿರುಕು ಬಿಟ್ಟದ್ದು ಬೊಚ್ಚುಬಾಯಿಯಂತೆ. ಎರಡು ಬದಲಾಯಿಸಿದೆವು.

ಬಿಡಿಭಾಗ ಸಿಗುವುದಿಲ್ಲ ಎಂದು ನಾನು ಅಂದುಕೊಂಡಿದ್ದು ಸುಳ್ಳಾಯಿತು. ಮೊದಮೊದಲಿನ ಸುಮೋಗಳಿಗೂ ಇದೇ 483 ಎಂಜಿನ್ನು. ಊರಿಗೊಂದು ಸುಮೋ ಓಡಿದ ಕಾಲ ಅದು. ಅವು ಗುಜರಿ ಸೇರಿದಂತೆಲ್ಲ ಅವುಗಳ ಹೊಟ್ಟೆಯೊಳಗಿನದು ನಮ್ಮಂಥವರಿಗೆ ಸಿಕ್ಕಿತು. ಹುಬ್ಬಳ್ಳಿಗೆ ಎರಡು ಸಲ, ಹೊಸಪೇಟೆಗೆ ಎಷ್ಟು ಸಲವೋ ಲೆಕ್ಕವಿಲ್ಲ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಗುಜರಿ ಅಂಗಡಿಗೆ ಎರಡೂ ಬೇಕು, ಮೇಲೆ ಮೂಗೂ ಬೇಕು ಎಂದು ಅಪ್ಪ ಸೇರಿಸಿದ. ಸುಟ್ಟ ಕ್ಲಚ್ ಪ್ಲೇಟನ್ನು ಅವನು ಮೂಸಿಯೇ ಬೇಡವೆನ್ನುತ್ತಿದ್ದ. ತಮಾಷೆಯೆಂದರೆ ಕೊಪ್ಪಳದ ಪಕ್ಕದ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಇದೆ. ಸಂಡೂರು, ಹೊಸಪೇಟೆ ಸೀಮೆಯ ಅದಿರು ಕರಗಿಸುವ ಈ ಭಾಗದಲ್ಲೇ ಟ್ರ್ಯಾಕ್ಟರು, ವಾಹನಗಳ ಸಿಲಿಂಡರ್ ಬ್ಲಾಕು, ಹೆಡ್ಡುಗಳ ಎರಕವಾಗುತ್ತದೆ. ಎಂಜಿನ್ನಿನ ಹೊರಮೈ ಇಲ್ಲಿ ಹುಟ್ಟಿ, ದೇಶವೆಲ್ಲ ಸುತ್ತಿ, ಸತ್ತ ಮೇಲೆ ತೂಕದ ಲೆಕ್ಕದಲ್ಲಿ ಇಲ್ಲಿಗೇ ಕರಗಲು ಬಂದರೂ ಬಂದೀತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಡೀಸೆಲ್ ಪಂಪು. ಅದರ ಮೇಲೆ ಮೈಕೋ ಎಂಬ ಅಕ್ಷರಗಳು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಮಿಸ್ತ್ರಿಗಳ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ. ಅದರೊಳಗಿನ ಬಿಡಿಭಾಗಗಳ ನಡುವಿನ ಸಂದು ಕಣ್ಣಿಗೆ ಕಾಣುವಂಥದ್ದಲ್ಲ. ಅವಕ್ಕೆ ಬೇರೆ ಎಣ್ಣೆಯಿಲ್ಲ, ಹರಿಯುವ ಡೀಸೆಲ್ಲೇ ಎಣ್ಣೆ. ಡೀಸೆಲ್ಲು ವರ್ಷಗಟ್ಟಲೆ ನಿಂತರೆ ಅಂಟಾಗುತ್ತದೆ, ಜೊತೆಗೆ ನೀರು ಸೇರಿದರೆ ತುಕ್ಕು. ಪಂಪ್ ರೂಮೊಂದಕ್ಕೆ ಕೊಟ್ಟೆವು. ಹದಿನೈದು ದಿನ ಆದ ಮೇಲೆ ನಮ್ಮ ನಾಜಲ್ಲುಗಳ ಬದಲು ಯಾವುದೋ ಸವೆದ ನಾಜಲ್ಲು ಹಾಕಿ ಕೊಟ್ಟರು. ಅಪ್ಪ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮದಲ್ಲ" ಎಂದ. ಅವರು ಇದೇ ನಿಮ್ಮದು ಎಂದರು. ನನ್ನ ಫೋನಿನಲ್ಲಿ, ಬಿಚ್ಚುವ ಮುಂಚೆ ತೆಗೆದ ಫೋಟೋ ಇತ್ತು. ಪ್ರತಿ ನಟ್ಟು ಬಿಚ್ಚುವ ಮುಂಚೆ ಫೋಟೋ ತೆಗೆಯುವ ನನ್ನ ಚಟವನ್ನು ಅಪ್ಪ ಮೂರು ತಿಂಗಳು ಆಡಿಕೊಂಡಿದ್ದ. ಅವತ್ತು ಬಸ್ಸಿನಲ್ಲಿ ಕೂತಾಗ, ಕಿಟಕಿಯ ಹೊರಗೆ ನೋಡುತ್ತ, "ಇನ್ನ ಮ್ಯಾಲ ಎಲ್ಲಾದ್ರದೂ ತಗಿ" ಎಂದ.

ಮಹಾನವಮಿಯ ಆಯುಧಪೂಜೆಗೆ ಚಾಲೂ ಆಗಲೇಬೇಕೆಂದು ಅಪ್ಪನ ಹಟ. ಕುಂಬಳಕಾಯಿ, ಚೆಂಡು ಹೂವು, ಟೈರಿನಡಿ ನಿಂಬೆಹಣ್ಣು, ಓಣಿಯ ಮಕ್ಕಳು. ಹೀಟರ್ ದೀಪ ಆರಿದ ಮೇಲೆ ಕೀಲಿ ತಿರುಗಿಸಿದ. ಸೆಲ್ಫ್ ತಿರುಗಿತು, ಎಂಜಿನ್ನು ಹಿಡಿಯಲಿಲ್ಲ. ಹತ್ತು ಸಲ. ಬ್ಯಾಟರಿ ಇಳಿಯಿತು. ಮಕ್ಕಳು ಪ್ರಸಾದ ತಿಂದು ಹೋದರು. ಹಿಡಿದದ್ದು ಮುಂದಿನ ವಾರದ ಮಂಗಳವಾರ, ಯಾವ ಮುಹೂರ್ತವೂ ಇಲ್ಲದೆ, ಸಂಜೆ ಕರೆಂಟು ಹೋದಾಗ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು, ಅಷ್ಟೇ. ನಾನು ಹ್ಯಾಂಡ್ ಪ್ರೈಮರ್ ಒತ್ತುತ್ತಿದ್ದೆ. ಸಡಿಲಿಸಿದ ನಟ್ಟಿನಿಂದ ನೊರೆ ಬರುವುದು ನಿಂತು ಬರೀ ಡೀಸೆಲ್ಲು ಬಂದಾಗ ಬಿಗಿ ಮಾಡಿದೆ. ಅಪ್ಪ ಕೀಲಿ ತಿರುಗಿಸಿದ. ಮೊದಲು ಬಿಳಿ ಹೊಗೆ, ಕೆಮ್ಮು, ಆಮೇಲೆ ಕರಿಹೊಗೆ, ಆಮೇಲೆ ಗಡಗಡ. ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಅವ್ವ ಕಂದೀಲು ಹಿಡಿದು ಓಡಿಬಂದು, "ಬಂದ್ ಮಾಡ್ರೀ, ಮನಿ ತುಂಬ ಹೊಗಿ" ಎಂದಳು. ಆದರೆ ಒಳಗೆ ಹೋಗಲಿಲ್ಲ. ಬಂದ್ ಮಾಡುವವರೆಗೂ ಅಲ್ಲೇ ನಿಂತಿದ್ದಳು.

ಜನವರಿಯ ಗವಿಮಠದ ಜಾತ್ರೆಗೆ ರೊಟ್ಟಿ ಒಯ್ಯಬೇಕೆಂಬುದು ಆಗಲಿಲ್ಲ. ಓಡುವುದು ಸುಲಭ, ನಿಲ್ಲುವುದು ಕಷ್ಟ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಜಾತಿಯದು. ಹದಿಮೂರು ವರ್ಷದಲ್ಲಿ ನಾಲ್ಕೂ ಚಕ್ರಗಳ ಸಿಲಿಂಡರುಗಳನ್ನು ಒಳಗಿಂದ ಕೊರೆದಿತ್ತು. ಓಣಿಯ ರೊಟ್ಟಿ ಪಕ್ಕದ ಮನೆಯವರ ಟಾಟಾ ಏಸ್‌ನಲ್ಲಿ ಹೋಯಿತು. ಅಪ್ಪ ಅವತ್ತು ಊಟ ಮಾಡಿದ್ದು ತಡವಾಗಿ.

ಕಾಗದಪತ್ರದ ಕತೆ ಬೇರೆ, ಅದನ್ನು ಹೆಚ್ಚು ಹೇಳುವುದಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷವೂ ಎಫ್‌ಸಿ ಆಗಬೇಕು. ನಿಲ್ಲಿಸಿದಾಗ ಬಳಸುತ್ತಿಲ್ಲವೆಂದು ಬರೆದುಕೊಡದ ತಪ್ಪಿಗೆ ತೆರಿಗೆ ಬಾಕಿ ಕೂತಿತ್ತು, ಕಟ್ಟಿದೆವು. 2021ರ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ಎಂಬ ಗೌರವವೂ ಬೇರೆಯೇ ನಂಬರ್ ಪ್ಲೇಟೂ ಇದೆ. ಹದಿನೈದು ದಾಟಿದವಕ್ಕೆ ಹೆಚ್ಚಿದ ಶುಲ್ಕವಿದೆ. 2022ರ ಏಪ್ರಿಲ್‌ನಿಂದ ಸ್ವಂತ ಕಾರಿನ ನೋಂದಣಿ ನವೀಕರಣವೇ 600 ರೂಪಾಯಿಯಿಂದ 5,000ಕ್ಕೆ ಏರಿತು. ಮೂವತ್ತರ ಗಾಡಿ ನಡುವೆ ಸಿಕ್ಕಿಬಿದ್ದದ್ದು. ಹೊಗೆಯ ಮಾತೂ ಇದೆ, ಅದು ಸುಳ್ಳಲ್ಲ. ಹೊಸ ಗಾಡಿಗಿಂತ ಇದು ಹೆಚ್ಚು ಹೊಗೆಯುಗುಳುತ್ತದೆ. ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ತೆಗೆಯಬಾರದೆಂದು ನಮ್ಮಲ್ಲೇ ಒಂದು ಕರಾರು.

ಮೊದಲ ಬಾಡಿಗೆ, ಬಾಡಿಗೆಯೇನು ಬಂತು, ಡೀಸೆಲ್ ಖರ್ಚಷ್ಟೇ, 2025ರ ಬೇಸಿಗೆಯಲ್ಲಿ. ಗದ್ದೆಯಿಂದ ಹುಲ್ಲು ಹೇರಿಕೊಂಡು ಕನಕಗಿರಿ, ತಾವರಗೇರಾ ಮೇಲೆ ಕುಷ್ಟಗಿ ಕಡೆ. ನಾನು ಓಡಿಸಿದೆ. ಅಪ್ಪ ಎಡಕ್ಕೆ ಕೂತ. ಆ ಗಾಡಿಯ ಎಡಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ, ಕಿಟಕಿಯ ಮೇಲೆ, ಕೊನೆಗೆ ಗೇರಿನ ಪಕ್ಕಕ್ಕೆ ತಂದಿಟ್ಟ. ನಾನು ಗೇರು ಬದಲಿಸಿದಾಗಲೆಲ್ಲ ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಕಾಲುವೆಯ ಹಸಿರು ಹಿಂದೆ ಬಿದ್ದು ಕಲ್ಲುಗುಡ್ಡ, ಕರಿಹೊಲ ಶುರುವಾದ ಮೇಲೆ ಮಾತು ಕಡಿಮೆಯಾಯಿತು. ಸೀಟಿನಡಿ ನೋಟ್‌ಬುಕ್ಕಿತ್ತು. ಅದರ ಬಗ್ಗೆ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತಾವರಗೇರಾ ದಾಟಿ ಒಂದು ಹಳ್ಳಿಯ ಕಟ್ಟೆಯ ಹತ್ತಿರ ರೇಡಿಯೇಟರಿಗೆ ನೀರು ಹಾಕಲು ನಿಲ್ಲಿಸಿದೆವು. ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಇಳಿದು ಬಂದು ನೀಲಿ ಬಾಗಿಲು ನೋಡಿದರು, ನನ್ನ ಕಡೆ ನೋಡಿದರು, ಬಗ್ಗಿ ನಂಬರ್ ಪ್ಲೇಟು ಓದಿದರು.

"ರಾಯಚೂರಿನವ್ರೇನ್ರಿ?"

"ಹೌದ್ರಿ ಹಿರಿಯಾರ" ಎಂದ ಅಪ್ಪ, ಕೊಡದ ನೀರು ಸುರಿಯುತ್ತಲೇ. "ನೀವೂ ಅಲ್ಲಿಯವ್ರ ಇದ್ರೆಲ್ಲ."

ಮುದುಕರು ಒಂದು ಗಳಿಗೆ ಅಂದಾಜಾಗದೆ ನಿಂತು, ಆಮೇಲೆ ಗಟ್ಟಿಯಾಗಿ ನಕ್ಕರು. ಹಿಂದಕ್ಕೆ ಹೋಗಿ ಹುಲ್ಲಿನ ಒಂದು ಎಳೆ ಜಗ್ಗಿ ಮೂಸಿ ನೋಡಿ, ಗದ್ದೆ ಯಾವ ಉಪಕಾಲುವೆಯದು, ಹೊರೆಗೆ ಎಷ್ಟು ಎಂದು ವಿಚಾರಿಸತೊಡಗಿದರು.